ಬಿಸುವಿನ ದಿನ ಹಗಲಿರುಳು ಸಮ ಇರುವುದಿಲ್ಲವಲ್ಲ?

ವಿಷು (ನಮ್ಮ ಬಿಸು, ಸೌರಮಾನದ ಹೊಸ ವರ್ಷ) ಎಂದರೆ ಹಗಲಿರುಳು ಸಮ ಎನ್ನುತ್ತಾರೆ, ಮತ್ತೆ ಮಾರ್ಚ್ 20ರ ಹೊತ್ತಿಗೆ ಬರುವ ಸಮರಾತ್ರಿ ಬಿಟ್ಟು ಏಪ್ರಿಲ್ ಮಧ್ಯದಲ್ಲಿ ಕಣಿ (ಹಬ್ಬದ ಬೆಳಗ್ಗೆ ಎದ್ದೊಡನೆ ನೋಡಲು ಜೋಡಿಸಿಡುವ ವಸ್ತುಗಳು) ಯಾಕೆ ಎಂದು ಕೇಳಿದ್ದೀರಿ. ಹೆಸರಿನ ಅರ್ಥ ಸರಿಯೇ, ‘ವಿಷುವ’ದಿಂದಲೇ ಬಂದದ್ದು. ಜಾರಿದ್ದು ದಿನ.

ನಮ್ಮ ಪಂಚಾಂಗ ಸೂರ್ಯನ ಜಾಗವನ್ನು ನಕ್ಷತ್ರಗಳಿಂದ ಅಳೆಯುತ್ತದೆ; ಸೂರ್ಯ ಮೇಷ ರಾಶಿಗೆ ಕಾಲಿಡುವ ಮೇಷ ಸಂಕ್ರಮಣಕ್ಕೆ ಬಿಸು. ಭೂಮಿಯ ಅಕ್ಷವೋ ಬುಗುರಿಯ ಹಾಗೆ ಓಲಾಡುತ್ತದೆ, ಹಾಗಾಗಿ ವಿಷುವಬಿಂದು (ಸಮರಾತ್ರಿಯಂದು ಸೂರ್ಯ ಇರುವ ಜಾಗ) ಸುಮಾರು 72 ವರ್ಷಕ್ಕೊಂದು ಡಿಗ್ರಿ ಹಿಂದೆ ಸರಿಯುತ್ತದೆ. ಈಗ ಅದಕ್ಕೂ ಮೇಷ ರಾಶಿಯ ಆರಂಭಕ್ಕೂ ಅಂತರ 24 ಡಿಗ್ರಿ ದಾಟಿದೆ, ಅಂದರೆ 24–25 ದಿನ. ಲೆಕ್ಕ ಹಾಕಿ: ಮೇಷ ಸಂಕ್ರಮಣವೂ ಸಮರಾತ್ರಿಯೂ ಒಟ್ಟಿಗೆ ಬೀಳುತ್ತಿದ್ದದ್ದು ಸುಮಾರು 1700 ವರ್ಷ ಹಿಂದೆ. ಈಗ ಕಾಸರಗೋಡಿನಲ್ಲಿ ಬಿಸುವಿನ ಹಗಲು 12 ಗಂಟೆ 20 ನಿಮಿಷ ದಾಟಿರುತ್ತದೆ.

ಬಿಸು ಏಪ್ರಿಲ್ 14ಓ 15ಓ ಎಂಬ ಗಲಿಬಿಲಿಯೂ ಇದೆ. ಸಂಕ್ರಮಣ ಆದ ನಂತರದ ಮೊದಲ ಸೂರ್ಯೋದಯಕ್ಕೆ ಕಣಿ. 2022ರಲ್ಲಿ 14ರಂದು ಹೊತ್ತು ಮೂಡಿದ ಮೇಲೆ ಸಂಕ್ರಮಣ ಆಯಿತು, ಕಣಿ 15ಕ್ಕೆ ಹೋಯಿತು. ಯುಗಾದಿಯದು ಚಾಂದ್ರಮಾನ, ಅದನ್ನು ಇಲ್ಲಿ ಬೆರೆಸಬೇಡಿ.

ಇನ್ನು ಕಣಿಯನ್ನೇ ನೋಡಿ: ಅಕ್ಕಿ, ತೆಂಗಿನಕಾಯಿ, ಹಣ್ಣಾದ ಹಳದಿ ಸೌತೆ, ಕೊಂದೆ (ಕಕ್ಕೆ) ಹೂ, ಕನ್ನಡಿ. ಕೃಷ್ಣನ ಮೂರ್ತಿ ಇಟ್ಟರೂ, ನನ್ನ ಮಟ್ಟಿಗೆ ಇದು ಮೊದಲು ಬೇಸಾಯಗಾರರ ಹಬ್ಬ.