ಎಲ್‌ಎಲ್‌ಎಂ ಪ್ರಬಂಧಕ್ಕೆ ನ್ಯಾಚುರಲಿಸಂ ತಗೊಳ್ಳಲೋ, ರಿಯಲಿಸಂ ತಗೊಳ್ಳಲೋ?

ಕಾನೂನಿನ ಸ್ನಾತಕೋತ್ತರ ಪದವಿಯ ಪ್ರಬಂಧಕ್ಕೆ 'ನ್ಯಾಚುರಲಿಸಂ ಅಥವಾ ರಿಯಲಿಸಂ' ಅಂತ ಹೆಸರಿಟ್ಟು, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. 'ಎರಡರಲ್ಲಿ ಒಂದು ಕಡೆ ನಿಲ್ಲಬೇಕು' ಅಂತಲೂ ಬರೆದಿದ್ದೀರಲ್ಲ, ಅದೇ ಸಾಲು ನನ್ನ ಸಿನಾಪ್ಸಿಸ್‌ನಲ್ಲೂ ಇತ್ತು. ನನಗೆ ಅದು ಒಂದು ವರ್ಷ ತಿಂದಿತು.

ನಾನು ಎಲ್‌ಎಲ್‌ಬಿಯನ್ನು ಕನ್ನಡದ ಜೆರಾಕ್ಸ್ ನೋಟ್ಸ್ ಓದಿಯೇ ಪಾಸಾದವನು. ಅದರಲ್ಲಿ 'ನೈಸರ್ಗಿಕ ಕಾನೂನು' (ಮನುಷ್ಯ ಮಾಡಿದ ಕಾನೂನಿಗಿಂತ ಮೇಲೊಂದು ಕಾನೂನಿದೆ ಅನ್ನುವುದು) ಒಂದು ಪಾಠ, 'ವಾಸ್ತವವಾದ' ಇನ್ನೊಂದು. ಎಲ್‌ಎಲ್‌ಎಂಗೆ ಬಂದಾಗ ಇಂಗ್ಲಿಷ್ ಪುಸ್ತಕಗಳಲ್ಲಿ ನ್ಯಾಚುರಲಿಸಂ ಕಂಡಿತು. ನಿಸರ್ಗ ಅಂದಮೇಲೆ ನೈಸರ್ಗಿಕ ಕಾನೂನೇ ಇರಬೇಕು ಅಂದುಕೊಂಡೆ. ರಿಯಲಿಸಂ ಅಂದರೆ ವಾಸ್ತವವಾದ, ಮುಗೀತು. ಎರಡು ತಂಡ ಕಟ್ಟಿ ಎಪ್ಪತ್ತು ಪುಟ ಕಬಡ್ಡಿ ಆಡಿಸಿದೆ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ, ಅಮೆರಿಕದ ನ್ಯಾಯಮೂರ್ತಿ ಹೋಮ್ಸ್ ಬಗ್ಗೆ. "ಹೋಮ್ಸ್ ರಿಯಲಿಸ್ಟ್ ಅಂತೀರಿ. ಹಾಗಾದ್ರೆ ಸರಿ-ತಪ್ಪು ನಿಜವಾಗಿ ಇವೆ ಅಂತ ಅವರು ನಂಬಿದ್ರಾ?"

"ಹೌದು ಸರ್. ರಿಯಲಿಸ್ಟ್ ಅಲ್ವಾ ಸರ್."

ಅವರು ನನ್ನ ಪ್ರಬಂಧದ ಹಿಂದಿನ ಖಾಲಿ ಹಾಳೆ ತೆಗೆದು ಪೆನ್ಸಿಲ್‌ನಲ್ಲಿ ದೊಡ್ಡ ಪ್ಲಸ್ ಗುರುತು ಹಾಕಿದರು. ನಾಲ್ಕು ಮನೆ ಆಯಿತು. ಅಡ್ಡಕ್ಕೆ ಒಂದು ಪ್ರಶ್ನೆ: ನಾವು ಏನೇ ಅಂದುಕೊಂಡರೂ ಸರಿ ಸರಿಯೇ, ತಪ್ಪು ತಪ್ಪೇ ಅನ್ನುವಂಥದ್ದು ಇದೆಯೇ? ಉದ್ದಕ್ಕೆ ಇನ್ನೊಂದು: ವಿಜ್ಞಾನಕ್ಕೆ ಸಿಗುವ ಈ ಲೋಕವೇ ಎಲ್ಲಾನಾ? "ಹೋಮ್ಸ್‌ನ ಎಲ್ಲಿ ಕೂರಿಸ್ತೀರಿ, ತೋರಿಸಿ." ನಾನು ಪೆನ್ಸಿಲ್ ಹಿಡಿದೇ ಕೂತಿದ್ದೆ. ಮುಂದಿದ್ದ ಟೀ ಕೆನೆ ಕಟ್ಟಿತು. ಪ್ರಬಂಧ ವಾಪಸ್ ಬಂತು. ಮತ್ತೆ ಫೀಸು, ಮತ್ತೆ ಬೈಂಡಿಂಗ್.

ಹೆಸರು ಒಂದೇ ಥರ ಇದ್ದರೆ ಆಸಾಮಿಯೂ ಒಬ್ಬನೇ ಅಂದುಕೊಂಡದ್ದು ನನ್ನ ತಪ್ಪು. ಹೋಮ್ಸ್ 1897ರಲ್ಲಿ ಬೋಸ್ಟನ್‌ನ ಭಾಷಣದಲ್ಲಿ ಹೇಳಿದ್ದು ಇಷ್ಟು: ಕಾನೂನು ಅಂದರೆ ಕೋರ್ಟು ಏನು ಮಾಡುತ್ತದೆ ಅನ್ನುವ ಮುನ್ಸೂಚನೆ. ಕೆಟ್ಟವನೊಬ್ಬನ ಕಣ್ಣಿನಿಂದ ನೋಡಿ, ಅವನಿಗೆ ಬೇಕಾದದ್ದು ಅಷ್ಟೇ. ಇದು ಕಾನೂನಿನ ರಿಯಲಿಸಂ. ನೀತಿಯ ವಿಷಯದಲ್ಲಿ ಆತ ಸಂಶಯವಾದಿ. ನೀತಿಯ ರಿಯಲಿಸಂ ಬೇರೆಯೇ ಮಾತು: ಊರೆಲ್ಲ ಒಪ್ಪಿದರೂ ತಪ್ಪು ತಪ್ಪೇ ಅನ್ನುವುದು. ಆ ಕಡೆ ನೈಸರ್ಗಿಕ ಕಾನೂನಿನ ಅಕ್ವಿನಾಸ್, ಮಧ್ಯಯುಗದ ಕ್ರೈಸ್ತ ಚಿಂತಕ, ಅವರಿಗೆ ದೇವರು ಬೇಕು. ವಿಜ್ಞಾನಕ್ಕೆ ಸಿಗುವ ಲೋಕವೇ ಎಲ್ಲಾ ಅನ್ನುವ ನ್ಯಾಚುರಲಿಸಂನಲ್ಲಿ ದೇವರಿಗೆ ಜಾಗವೇ ಇಲ್ಲ. ನಾನು ಇವೆರಡನ್ನೂ ಒಂದೇ ಮಂಚದಲ್ಲಿ ಮಲಗಿಸಿದ್ದೆ. (ಸಹಜ ನ್ಯಾಯ, ಇಂಗ್ಲಿಷಿನ ನ್ಯಾಚುರಲ್ ಜಸ್ಟಿಸ್, ಅಂದರೆ ಎರಡೂ ಕಡೆಯ ಮಾತು ಕೇಳು ಅನ್ನುವುದು, ಮೂರನೆಯದು. ಅದನ್ನೂ ಸೇರಿಸಿದ್ದೆ, ನಗಬೇಡಿ.)

ಆ ನಾಲ್ಕೂ ಮನೆಯಲ್ಲಿ ಜನ ಇದ್ದಾರೆ. 1903ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಮೂರ್ ನೀತಿಯ ಸತ್ಯ ಇದೆ ಅಂದರು, ಆದರೆ ನ್ಯಾಚುರಲಿಸಂ ಅನ್ನು ಹರಿದು ಹಾಕಿದರು. ಡೆನ್ಮಾರ್ಕಿನ ಕಾನೂನು ಚಿಂತಕ ಆಲ್ಫ್ ರಾಸ್ ಉಲ್ಟಾ, ನ್ಯಾಚುರಲಿಸಂ ಸರಿ, ನೀತಿಯ ಸತ್ಯ ಇಲ್ಲ: 'ನ್ಯಾಯ ಬೇಕು' ಅನ್ನುವುದೂ ಮೇಜು ಕುಟ್ಟುವುದೂ ಒಂದೇ ಅಂದರು. ಆಸ್ಟ್ರಿಯಾದ ಕಾನೂನು ಚಿಂತಕ ಕೆಲ್ಸನ್‌ಗೆ ನೀತಿಯ ಸತ್ಯ, ನ್ಯಾಚುರಲಿಸಂ ಎರಡೂ ಬೇಡ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟರ್ಜನ್, ಬಾಯ್ಡ್ ಅವರಿಗೆ ಎರಡೂ ಬೇಕು. ನಾನು ಕಾರ್ನೆಲ್ ಕಡೆ. 'ಸುಖ ಕೊಡುವುದೇ ಒಳ್ಳೆಯದು' ಅಂದರೂ 'ಅದು ಒಳ್ಳೆಯದೇನಾ?' ಅಂತ ಕೇಳಬಹುದು, ಆದ್ದರಿಂದ ಎರಡೂ ಒಂದಲ್ಲ ಅನ್ನುವುದು ಮೂರ್ ವಾದ. ಕೇಳಬಹುದು ಸರಿ. 'ನೀರು ಎಚ್‌ಟುಒ ಹೌದಾ?' ಅಂತಲೂ ಒಂದು ಕಾಲದಲ್ಲಿ ಕೇಳಬಹುದಿತ್ತು. ಕೇಳಿದ ಮಾತ್ರಕ್ಕೆ ನೀರು ಬೇರೆ ಆಗಿಬಿಡಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಪ್ರಶ್ನೆಯೇ ತಪ್ಪು. ಒಂದು ಕೇಸ್ ಹಿಡಿಯಿರಿ. ನಾನು ಎರಡನೇ ಸಲ ಜಬಲ್ಪುರ ಎಡಿಎಂ ಕೇಸ್ ಹಿಡಿದೆ. ತುರ್ತು ಪರಿಸ್ಥಿತಿಯಲ್ಲಿ ಒಳಗೆ ಹಾಕಿದವರ ಹೇಬಿಯಸ್ ಕಾರ್ಪಸ್ ಅರ್ಜಿ (ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತನ್ನಿ ಅನ್ನುವುದು) ಕೇಳಬಹುದು ಅಂತ ನಮ್ಮ ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟ್‌ಗಳು ಹೇಳಿದ್ದವು. 1976ರ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟ್ 4-1ರಲ್ಲಿ ಇಲ್ಲ ಅಂದಿತು. ಹೋಮ್ಸ್ ಲೆಕ್ಕದಲ್ಲಿ ವಕೀಲ 27ರಂದು 'ಅರ್ಜಿ ಹಾಕೋಣ' ಅನ್ನಬೇಕು, 29ರಂದು 'ಸುಮ್ನೆ ದುಡ್ಡು ದಂಡ' ಅನ್ನಬೇಕು. ಒಪ್ಪಿದೆ. ಆದರೆ ವಿಚಾರಣೆಯಿಲ್ಲದೆ ಕೂಡಿಹಾಕಿದ್ದು 28ರಿಂದ ಸರಿಯಾಯಿತಾ? 'ಇಲ್ಲ' ಅಂದರೆ ಕಾನೂನಿಗೆ ಹೋಮ್ಸ್ ಮಾತು ಒಪ್ಪಿಕೊಂಡೇ ನೀತಿಗೆ ನೀವು ರಿಯಲಿಸ್ಟ್. ಒಂದೇ ತಲೆಯಲ್ಲಿ ಎರಡೂ ಹಿಡಿಸುತ್ತವೆ. ಒಬ್ಬರೇ ಒಪ್ಪದ ನ್ಯಾಯಮೂರ್ತಿ ಖನ್ನಾ ಇನ್ನೂ ಮುಂದೆ ಹೋದರು: ಜೀವಕ್ಕೆ, ಸ್ವಾತಂತ್ರ್ಯಕ್ಕೆ ಸಂವಿಧಾನದ 21ನೇ ವಿಧಿಯೊಂದೇ ಆಸರೆಯಲ್ಲ ಅಂದರು. ಆ 4-1ರ ತೀರ್ಪು ರದ್ದಾಗಲು ಸುಪ್ರೀಂ ಕೋರ್ಟಿನದೇ 2017ರ ಖಾಸಗಿತನದ ತೀರ್ಪು ಬರಬೇಕಾಯಿತು. ಇದೇ ಒಂದು ಅಧ್ಯಾಯಕ್ಕೆ ಸಾಕು, ಜಾಸ್ತಿಯೇ ಆಯಿತು.

ಪ್ರಬಂಧದ ಹೆಸರಿನಲ್ಲಿರುವ 'ಅಥವಾ' ಇವತ್ತೇ ತೆಗೆಯಿರಿ. ಗೈಡ್ 'ಯಾಕೆ?' ಅಂತ ಕೇಳಿದರೆ ಪ್ಲಸ್ ಗುರುತು ಹಾಕಿ, ಹೋಮ್ಸ್‌ನ ಎಲ್ಲಿ ಕೂರಿಸ್ತೀರಿ ಸರ್ ಅಂತ ಕೇಳಿ. ಬೇಡ, ಕೇಳಬೇಡಿ. ಸಹಿ ಹಾಕುವವರು ಅವರೇ.