ಗಂಟಿಲ್ಲ, ನೋವಿಲ್ಲ; ಆದರೂ ಬಯಾಪ್ಸಿ ಬೇಕೇ?

ಪ್ರಶ್ನೆ: ನನಗೆ 48 ವರ್ಷ. ಸ್ತನದಲ್ಲಿ ಗಂಟು, ನೋವು, ಸ್ರಾವ ಯಾವುದೂ ಇಲ್ಲ. ಮ್ಯಾಮೊಗ್ರಾಂ ವರದಿಯಲ್ಲಿ ಎಡಸ್ತನಕ್ಕೆ ‘ಸೂಕ್ಷ್ಮ ಕ್ಯಾಲ್ಸಿಯಂ ಚುಕ್ಕೆಗಳ ಗುಂಪು, ಬೈರಾಡ್ಸ್ 4ಬಿ’ ಎಂದು ಬರೆದಿದ್ದಾರೆ. ಅಲ್ಟ್ರಾಸೌಂಡ್‌ನಲ್ಲಿ ಏನೂ ಕಾಣಲಿಲ್ಲ. ಆರು ತಿಂಗಳು ಕಾದು ನೋಡಲೇ? ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಕೇ?

ಉತ್ತರ: ಮಾತ್ರೆಗೂ ಈ ಚುಕ್ಕೆಗಳಿಗೂ ಸಂಬಂಧವಿಲ್ಲ, ಅದಕ್ಕಾಗಿ ನಿಲ್ಲಿಸಬೇಕಿಲ್ಲ. ಕಾಯುವುದು ಮಾತ್ರ ಬೇಡ. ಬೈರಾಡ್ಸ್ ಎಂಬುದು ಮ್ಯಾಮೊಗ್ರಾಂನಲ್ಲಿ ಕಂಡದ್ದು ಎಷ್ಟು ಅನುಮಾನಾಸ್ಪದ ಎಂದು ಹೇಳುವ ವರ್ಗೀಕರಣ. ಅದರಲ್ಲಿ 4ಬಿ ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ 10ರಿಂದ 50ರ ನಡುವೆ. ಆರು ತಿಂಗಳ ನಂತರ ನೋಡೋಣ ಎನ್ನುವುದು 3ನೇ ವರ್ಗದವರಿಗೆ. ಅಲ್ಲಿ ಸಾಧ್ಯತೆ ಶೇ 2ನ್ನು ದಾಟುವುದಿಲ್ಲ.

ಅಲ್ಟ್ರಾಸೌಂಡ್ ಸರಿಯಿದೆ ಎಂಬ ಸಮಾಧಾನವೇ ಇಲ್ಲಿ ದಾರಿ ತಪ್ಪಿಸುತ್ತದೆ. ಹಾಲಿನ ನಾಳದ ಗೋಡೆ ದಾಟದೆ ಒಳಗೇ ಉಳಿದಿರುವ ಕ್ಯಾನ್ಸರ್, ಅಂದರೆ ಡಿಸಿಐಎಸ್, ಹೆಚ್ಚಿನವರಲ್ಲಿ ಗಂಟು ಕಟ್ಟುವುದಿಲ್ಲ. ನಾಳದೊಳಗೆ ಸತ್ತ ಜೀವಕೋಶಗಳಲ್ಲಿ, ನಿಂತ ಸ್ರಾವದಲ್ಲಿ ಕ್ಯಾಲ್ಸಿಯಂ ಕೂಡುತ್ತದೆ. ಅನೇಕ ಚುಕ್ಕೆಗಳು ಅರ್ಧ ಮಿಲಿಮೀಟರಿಗಿಂತ ಚಿಕ್ಕವು. ಮ್ಯಾಮೊಗ್ರಾಂನ ಎಕ್ಸ್‌ರೇಗೆ ಕಾಣುವ ಇವು ಅಲ್ಟ್ರಾಸೌಂಡ್‌ಗೆ ಸಿಗದಿರುವುದು ಸಾಮಾನ್ಯ.

ಮೊದಲು ಒಂದು ವಿಷಯ ಕೇಳಿಕೊಳ್ಳಿ: ಹಿಗ್ಗಿಸಿದ ಚಿತ್ರಗಳನ್ನು ಮೇಲಿನಿಂದ ಮತ್ತು ನೇರ ಪಕ್ಕದಿಂದ, ಎರಡೂ ಕೋನಗಳಲ್ಲಿ ತೆಗೆದಿದ್ದಾರೆಯೇ? ಪುಟ್ಟ ನೀರುಗುಳ್ಳೆಗಳಲ್ಲಿ ಕ್ಯಾಲ್ಸಿಯಂ ತಳಕ್ಕಿಳಿದಿದ್ದರೆ ಮೇಲಿನಿಂದ ಮಸುಕು ಚುಕ್ಕೆಯಾಗಿ, ಪಕ್ಕದಿಂದ ಬಟ್ಟಲಿನ ತಳದಂತೆ ಬಾಗಿ ಕಾಣುತ್ತದೆ. ಅದು ನಿರುಪದ್ರವಿ, ಬಯಾಪ್ಸಿ ಬೇಡ. ಕಂಕುಳಿಗೆ ಹಚ್ಚಿದ ಡಿಯೋಡರೆಂಟ್, ಪೌಡರ್ ಕೂಡ ಚುಕ್ಕೆಗಳಂತೆ ತೋರಬಹುದು. ಪರೀಕ್ಷೆಯ ದಿನ ಹಚ್ಚಬೇಡಿ. ಚುಕ್ಕೆಗಳ ಆಕಾರ ಒಂದೊಂದೂ ಬೇರೆ ಬೇರೆ ಇದ್ದು, ಗೆರೆಯಾಗಿ ಕವಲೊಡೆದು ನಾಳದ ಜಾಡು ಹಿಡಿದಿದ್ದರೆ ಅನುಮಾನ ಬಲವಾಗುತ್ತದೆ.

ನಿಮಗೆ ಬೇಕಿರುವುದು ಮ್ಯಾಮೊಗ್ರಾಂ ನೋಡಿಕೊಂಡೇ ಮಾಡುವ ಸ್ಟೀರಿಯೊಟ್ಯಾಕ್ಟಿಕ್ ಬಯಾಪ್ಸಿ. ಜಾಗ ಮರಗಟ್ಟಿಸಿ, ನಿರ್ವಾತದಿಂದ ಅಂಗಾಂಶ ಸೆಳೆಯುವ ಸೂಜಿ ಬಳಸುತ್ತಾರೆ. ಸಾಮಾನ್ಯವಾಗಿ 9 ಗೇಜಿನದು (ಗೇಜ್ ಎಂದರೆ ಸೂಜಿಯ ದಪ್ಪದ ಅಳತೆ). ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ತೆಗೆದ ತುಣುಕುಗಳನ್ನು ಅಲ್ಲೇ ಎಕ್ಸ್‌ರೇ ಮಾಡಿ, ಚುಕ್ಕೆಗಳು ಅವುಗಳಲ್ಲಿ ಬಂದಿವೆಯೇ ನೋಡಲೇಬೇಕು. ಬಂದಿಲ್ಲವೆಂದರೆ ‘ಕ್ಯಾನ್ಸರ್ ಇಲ್ಲ’ ಎಂಬ ವರದಿಗೆ ಬೆಲೆಯಿಲ್ಲ. ಕೊನೆಗೆ ಜಾಗದ ಗುರುತಿಗೆ ಸಣ್ಣ ಲೋಹದ ಕ್ಲಿಪ್ ಬಿಟ್ಟು ಮತ್ತೆ ಮ್ಯಾಮೊಗ್ರಾಂ ತೆಗೆಯುತ್ತಾರೆ, ಏಕೆಂದರೆ ಒತ್ತಿಟ್ಟ ಸ್ತನವನ್ನು ಸಡಿಲಿಸಿದಾಗ ಕ್ಲಿಪ್ ಜರುಗಿರಬಹುದು.

ಸೂಕ್ಷ್ಮದರ್ಶಕದಲ್ಲೂ ಒಂದು ತೊಡಕಿದೆ. ಕೆಲವು ಚುಕ್ಕೆಗಳು ಕ್ಯಾಲ್ಸಿಯಂ ಆಕ್ಸಲೇಟ್ ಹರಳಿನವು; ಅವು ಮಾಮೂಲಿ ಬಣ್ಣದಲ್ಲಿ ಸುಲಭಕ್ಕೆ ಕಾಣವು, ಧ್ರುವೀಕೃತ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕು ಬೇಕು. ಚಿತ್ರ ನೋಡಿದವರ ಅನುಮಾನಕ್ಕೂ ಅಂಗಾಂಶ ಪರೀಕ್ಷೆಯ (ಪೆಥಾಲಜಿ) ವರದಿಗೂ ತಾಳೆಯಾಗದಿದ್ದರೆ, ಉದಾಹರಣೆಗೆ ಕವಲೊಡೆದ ಚುಕ್ಕೆಗಳಿದ್ದೂ ವರದಿ ನಿರಪಾಯ ಎಂದರೆ, ಮತ್ತೆ ಅಂಗಾಂಶ ತೆಗೆಯಬೇಕು. ಈ ತಾಳೆ ಯಾರು ನೋಡಿದರು ಎಂದು ಸಂಕೋಚವಿಲ್ಲದೆ ಕೇಳಿ.

ಪ್ರಶ್ನೆ: ನನ್ನ ಅಕ್ಕನ ಬಯಾಪ್ಸಿಯಲ್ಲಿ ಡಿಸಿಐಎಸ್, ಹೊರಗೆ ಹರಡಿಲ್ಲ ಎಂದು ಬಂದಿದೆ. ಹಾಗಿದ್ದರೆ ಆಪರೇಷನ್ ಏಕೆ? ಎಂಆರ್‌ಐ ಏಕೆ?

ಉತ್ತರ: ಸೂಜಿ ತಂದದ್ದು ಮಾದರಿ ಮಾತ್ರ. ಸೂಜಿ ಬಯಾಪ್ಸಿಯಲ್ಲಿ ಡಿಸಿಐಎಸ್ ಎಂದು ಬಂದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆಪರೇಷನ್ ನಂತರ ನಾಳದ ಗೋಡೆ ದಾಟಿದ ಕ್ಯಾನ್ಸರ್ ಸಿಕ್ಕಿದೆ. ನಿರ್ವಾತ ಸೂಜಿಯಾದರೆ ಕಡಿಮೆ. ಚುಕ್ಕೆಗಳು ಕಾಣುವಷ್ಟಕ್ಕೇ ರೋಗ ನಿಂತಿರುತ್ತದೆ ಎಂದೂ ಇಲ್ಲ. ಎಂಆರ್‌ಐ ಆ ಹರವನ್ನು ಅಳೆಯಲು; ಉನ್ನತ ದರ್ಜೆಯ, ಅಂದರೆ ಜೀವಕೋಶಗಳು ಹೆಚ್ಚು ವಿಕಾರಗೊಂಡ, ಡಿಸಿಐಎಸ್ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಅದು ಇಲ್ಲದ್ದನ್ನೂ ತೋರಿಸುವುದುಂಟು. ಆದ್ದರಿಂದ ಎಂಆರ್‌ಐ ಒಂದನ್ನೇ ನಂಬಿ ಇಡೀ ಸ್ತನ ತೆಗೆಯುವ ತೀರ್ಮಾನ ಬೇಡ, ಹೊಸದಾಗಿ ಕಂಡ ಜಾಗಕ್ಕೂ ಬಯಾಪ್ಸಿ ಆಗಲಿ. ಸ್ತನ ಉಳಿಸಿ, ನಂತರ ವಿಕಿರಣ ಕೊಡುವುದಾದರೆ ರೋಗದ ಸುತ್ತ 2 ಮಿಲಿಮೀಟರ್ ಆರೋಗ್ಯವಂತ ಅಂಚು ಇರಬೇಕು ಎಂಬುದು ಈಗಿನ ಮಾನದಂಡ. ವರದಿಯಲ್ಲಿ ದರ್ಜೆ ಮತ್ತು ಈಸ್ಟ್ರೋಜನ್ ಗ್ರಾಹಕದ (ಜೀವಕೋಶದಲ್ಲಿ ಈ ಹಾರ್ಮೋನನ್ನು ಹಿಡಿಯುವ ಭಾಗದ) ಫಲಿತಾಂಶ ಇದೆಯೇ ನೋಡಿ; ಮುಂದೆ ಹಾರ್ಮೋನ್ ತಡೆಯುವ ಮಾತ್ರೆಯ ನಿರ್ಧಾರಕ್ಕೆ ಗ್ರಾಹಕದ ಫಲಿತಾಂಶ ಬೇಕು.