ಎಲಿಯಾ, ಇಲಿಯಾ?

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ನಿನಗೆ ಈಗ ನೆನಪಿರಲಿಕ್ಕಿಲ್ಲ. "ಅಲ್ವೇ, ಕೇರಳದಲ್ಲಿ ಕೂತ್ಕೊಂಡು ಆ ಮಕ್ಕಳಿಗೆ ಕನ್ನಡ ಓದೋಕೆ ಕಲಿಸ್ತೀಯಲ್ಲ, ಯಾಕೆ ಆ ಕಷ್ಟ? ಮಲಯಾಳಂ ಕಲಿಸಿದ್ರೆ ಮುಗೀತಪ್ಪ." ಒಲೆಯ ಮೇಲೆ ಹಾಲಿತ್ತು, ನಕ್ಕು ಫೋನಿಟ್ಟೆ. ಹಾಲು ಇಳಿಸಿದ ಮೇಲೆ ಸಿಟ್ಟು ಉಕ್ಕಿತು.

ಇತಿಹಾಸ ಹೇಳಿ ಹೇಳಿ ನನಗೆ ಸಾಕಾಗಿದೆ, ಒಂದೇ ಉಸಿರಿಗೆ ಮುಗಿಸುತ್ತೇನೆ. 1956ರ ಅಕ್ಟೋಬರ್ 31ರ ರಾತ್ರಿ ಮಲಗುವಾಗ ನಮ್ಮ ಕಾಸರಗೋಡು ಮಂಗಳೂರಿನ ಜೊತೆ (ತುಳುವಿನಲ್ಲಿ ಅದು ಕುಡ್ಲ) ಒಂದೇ ಜಿಲ್ಲೆಯಲ್ಲಿತ್ತು, ಬೆಳಗ್ಗೆ ಏಳುವಾಗ ಕೇರಳದಲ್ಲಿತ್ತು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಲಿ ಎಂದಿತು, ಸೇರಲಿಲ್ಲ. ಕವಿ ಗೋವಿಂದ ಪೈಗಳು ಇಲ್ಲಿನ ಮಂಜೇಶ್ವರದವರು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಇಲ್ಲೇ ಪೆರಡಾಲದಲ್ಲಿ ಮೇಷ್ಟ್ರಾಗಿದ್ದವರು. ಆ ಹೆಸರು ಓದುವಾಗ ನಿನ್ನ ನಾಲಿಗೆ ತಡವರಿಸಿತಲ್ಲ? ನಿಮ್ಮ ಕಡೆ ಞ ಎಂದರೆ ವರ್ಣಮಾಲೆಯಲ್ಲಿ ಒಮ್ಮೆ ಹೇಳಿ ಬಿಟ್ಟುಬಿಡುವ ಅಕ್ಷರ. ನಮ್ಮಲ್ಲಿ ಅದು ಹಾಜರಿ ಪುಸ್ತಕದಲ್ಲೇ ಉಂಟು: ಕುಞ್ಞಮ್ಮ, ಕುಞ್ಞಿರಾಮ.

ನಿನ್ನ ಪ್ರಶ್ನೆಯಲ್ಲಿ ಇನ್ನೊಂದು ತಪ್ಪು ಉಂಟು. ಅದನ್ನು ನಮ್ಮೂರಿನ ಭಾಷಣಕಾರರೂ ಮಾಡುತ್ತಾರೆ. ಕನ್ನಡ ಮೀಡಿಯಂ ಮಗು ಎಂದರೆ ಮನೆಯಲ್ಲಿ ಕನ್ನಡ ಮಾತಾಡುವ ಮಗು ಅಂತ ನಿಮ್ಮ ಲೆಕ್ಕ. ನಾನು ಒಂದನೇ ಕ್ಲಾಸಿಗೆ ಪಾಠ ಮಾಡಲು ಹೋಗುತ್ತಿದ್ದ ಕಾಲದಲ್ಲಿ ಒಂದೇ ಬೆಂಚಿನಲ್ಲಿ ತುಳು, ಹವ್ಯಕ, ಬ್ಯಾರಿ, ಮಲಯಾಳ, ಕೊಂಕಣಿ ಎಲ್ಲ ಕೂತಿರುತ್ತಿತ್ತು. ಪುಸ್ತಕದಲ್ಲಿರುವ ಕನ್ನಡವನ್ನು ಅಮ್ಮನ ಬಾಯಿಯಿಂದ ಕೇಳಿದವರು ಒಬ್ಬರೂ ಇಲ್ಲ. ನನ್ನದೂ ಅದೇ ಕತೆ. ನನಗೆ ಸಿಟ್ಟು ಬರುವುದು ತುಳುವಿನಲ್ಲಿ, ಬಸ್ಸಿನಲ್ಲಿ ಚಿಲ್ಲರೆ ಕೇಳುವುದು ಮಲಯಾಳದಲ್ಲಿ, ಪುಸ್ತಕ ಓದಿ ಅಳುವುದು ಕನ್ನಡದಲ್ಲಿ. ಸಂವಿಧಾನಕ್ಕೆ ಅದೇ 1956ರಲ್ಲಿ 350ಎ ವಿಧಿ ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗುವ ವ್ಯವಸ್ಥೆ ಆಗಬೇಕು ಎಂದರು. ನಾವು ಆ ವಿಧಿಯನ್ನು ಹಿಡಿದುಕೊಂಡು ಕನ್ನಡ ಶಾಲೆಗಾಗಿ ಹೋರಾಡುತ್ತೇವೆ. ಮೆರವಣಿಗೆಯಲ್ಲಿ ಘೋಷಣೆ ಕನ್ನಡ, ಪಕ್ಕದವಳ ಹತ್ತಿರ "ಬಿಸಿಲು ಜೋರುಂಟು ಮಾರಾಯ್ತಿ" ಎನ್ನುವುದು ತುಳುವಿನಲ್ಲಿ. ನಿನಗೆ ವಿಚಿತ್ರ ಕಾಣಬಹುದು. ನಮಗೆ ಕಾಣುವುದಿಲ್ಲ.

ಕಷ್ಟ ಇರುವುದು ಬೇರೆ ಕಡೆ. ಇಲಿಯಲ್ಲಿ.

ನಗಬೇಡ. ಗೋಡೆಯಲ್ಲಿ ಚಾರ್ಟು. ಇ ಅಕ್ಷರದ ಪಕ್ಕ ಮೀಸೆ ಬಿಟ್ಟುಕೊಂಡ ಒಂದು ಇಲಿ. ಕೋಲು ಇಟ್ಟು "ಇದು ಎಂತ ಮಕ್ಕಳೇ?" ಎಂದರೆ ಇಡೀ ಕ್ಲಾಸು ಒಂದೇ ಸ್ವರದಲ್ಲಿ "ಎಲೀ!" ತುಳುವಿನಲ್ಲೂ ಅದು ಎಲಿ, ಮಲಯಾಳದಲ್ಲೂ ಎಲಿ. ಮೂಲೆಯಿಂದ ಕೊಂಕಣಿಯ ಹುಡುಗ ಒಬ್ಬನೇ "ಉಂದಿರ್" ಅನ್ನುತ್ತಾನೆ, ಅವನ ಮಾತು ಯಾರಿಗೂ ಕೇಳುವುದಿಲ್ಲ. "ಮೊದಲ ಅಕ್ಷರ ಯಾವುದು?" "ಎ!" ಮಕ್ಕಳ ಉತ್ತರ ನೂರಕ್ಕೆ ನೂರು ಸರಿ. ಶಬ್ದವನ್ನು ಒಡೆದು ಅದರ ಮೊದಲ ಸ್ವರ ಹಿಡಿಯುವುದೇ ಓದಿನ ಮೊದಲ ಮೆಟ್ಟಿಲು, ಅದನ್ನು ಅವರು ಹತ್ತಿ ಆಗಿದೆ. ಹತ್ತಿದವರನ್ನು ನಾನು ಕೆಳಗೆ ಇಳಿಸಬೇಕು: "ಅಲ್ಲ, ಇದು ಇಲಿ." ನಾಲ್ಕು ಅಕ್ಷರ ದಾಟಿದರೆ ಎ. ಅಲ್ಲಿ ಚಿತ್ರ ಎಲೆಯದ್ದು. ತುಳುವಿನವಳು "ಇರೆ" ಎಂದಳು, ಮಲಯಾಳದವನು "ಇಲ" ಎಂದ. ಮೊದಲ ಅಕ್ಷರ? "ಇ!" ನೋಡು, ಇ ಚಿತ್ರಕ್ಕೆ ಎ ಬರುತ್ತದೆ, ಎ ಚಿತ್ರಕ್ಕೆ ಇ ಬರುತ್ತದೆ. ಚಾರ್ಟು ಮಾಡಿದವರಿಗೆ ನಮ್ಮ ಮೇಲೆ ಹಳೇ ದ್ವೇಷ ಇದ್ದ ಹಾಗೆ.

ಮ ಅಕ್ಷರಕ್ಕೆ ಮನೆ. ಒಬ್ಬಳು ಎದ್ದು ತುಳುವಿನಲ್ಲಿ "ಇಲ್ಲ್" ಎಂದಳು. ಹಿಂದಿನ ಬೆಂಚಿನ ಮಲಯಾಳದ ಹುಡುಗ, ಅವನಿಗೂ ಕನ್ನಡದ ಹಾಗೆಯೇ ಇಲ್ಲ ಎಂದರೆ ಇಲ್ಲ, ನ್ಯಾಯ ಕೇಳಿದ: "ಟೀಚರೇ, ಚಿತ್ರ ಉಂಟಲ್ಲ, ಇವಳು ಯಾಕೆ ಇಲ್ಲ ಅಂತಾಳೆ?"

ನಾನು ಎರಡು ವರ್ಷ ಗುದ್ದಾಡಿ ಚಾರ್ಟಿನ ಮೇಲೆ ಬೇರೆ ಚಿತ್ರ ಅಂಟಿಸಿದೆ. ಇ ಮೇಲೆ ಇಡ್ಲಿ, ಅದಕ್ಕೆ ಎಲ್ಲರ ಮನೆಯಲ್ಲೂ ಒಂದೇ ಹೆಸರು. ಎ ಮೇಲೆ ಎಮ್ಮೆ. ತುಳುವಿನಲ್ಲಿ ಎರ್ಮೆ, ಮಲಯಾಳದಲ್ಲಿ ಎರುಮ, ಆ ಕೊಂಕಣಿಯ ಹುಡುಗ ಒಬ್ಬನನ್ನು ಬಿಟ್ಟರೆ ಯಾರು ಹೇಗೆ ಕೂಗಿದರೂ ಎ. ಆ ಎಮ್ಮೆ ಸಿಕ್ಕಿದ ದಿನ ನನಗೆ ಸಂಬಳ ಏರಿದಷ್ಟು ಸಂತೋಷ. ತಪಾಸಣೆಗೆ ಬಂದವರು ಮಾತ್ರ "ಇಲಿ ಎಲ್ಲಿ?" ಎಂದು ಕೇಳಿದರು.

ಅಕ್ಷರದಿಂದ ಶುರು ಮಾಡುವುದೇ ಹಳೇ ಕ್ರಮ, ಮೊದಲು ಕತೆ, ಆಮೇಲೆ ವಾಕ್ಯ, ಕೊನೆಗೆ ಅಕ್ಷರ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟರು. ಒಳ್ಳೆಯದೇ. ಅರ್ಥ ಮೊದಲೇ ತಲೆಯಲ್ಲಿದ್ದ ಮಗುವಿಗೆ ಅಕ್ಷರ ಬೇಗ ಅಂಟುತ್ತದೆ. ಆದರೆ ಆ ಅರ್ಥ ಯಾವ ಭಾಷೆಯಲ್ಲಿ ಉಂಟು ಎಂಬುದನ್ನು ಯಾರೂ ಕೇಳಲಿಲ್ಲ. ಹಾಗಾಗಿ ನಾನು ಮಾಡಿದ್ದು ಇಷ್ಟೆ. ಕತೆಯನ್ನು ಒಮ್ಮೆ ತುಳುವಿನಲ್ಲಿ, ಒಮ್ಮೆ ಮಲಯಾಳದಲ್ಲಿ, ಬ್ಯಾರಿಗೆ ಕ್ಲಾಸಿನದೇ ಒಂದು ಹುಡುಗಿಯ ಬಾಯಿಯಲ್ಲಿ ಹೇಳಿಸಿ, ಆಮೇಲೆ ಪುಸ್ತಕ ಬಿಡಿಸುವುದು. ಕಾಸರಗೋಡನ್ನು 'ಸಪ್ತಭಾಷಾ ಸಂಗಮ ಭೂಮಿ' ಎಂದು ವೇದಿಕೆಯಲ್ಲಿ ಕೈ ಬೀಸುವವರು ಒಂದು ಸೋಮವಾರ ಬೆಳಗ್ಗೆ ಆ ಕ್ಲಾಸಿಗೆ ಬರಬೇಕು. ಸಂಗಮದಲ್ಲಿ ಎಷ್ಟು ನೀರು ಕುಡಿಯಬೇಕಾಗುತ್ತದೆ ಎಂದು ಗೊತ್ತಾಗುತ್ತದೆ.

ಮೂರನೇ ಕ್ಲಾಸಿನಿಂದ ಏಳರವರೆಗೆ ಹೆಚ್ಚು ಹೇಳಲಿಕ್ಕಿಲ್ಲ. ಮಕ್ಕಳು ಓದುತ್ತಾರೆ, ಕತೆ ಪುಸ್ತಕ ಕೊಟ್ಟರೆ ಹರಿಯುವಷ್ಟು ಓದುತ್ತಾರೆ. ಸಮಾಜ ಪಾಠದ ವಾಕ್ಯಗಳು ಮಾತ್ರ ಕನ್ನಡ ಅಂಗಿ ಹಾಕಿಕೊಂಡ ಮಲಯಾಳ. ಕ್ರಿಯಾಪದ ಎಲ್ಲಿದೆ ಎಂದು ಹುಡುಕುವುದರಲ್ಲೇ ಪಿರಿಯಡ್ ಮುಗಿಯುತ್ತದೆ. ಕನ್ನಡವೇ ಬಾರದ ಟೀಚರುಗಳನ್ನು ಕನ್ನಡ ಶಾಲೆಗೆ ಗಣಿತಕ್ಕೆ ಹಾಕಿದಾಗ ಮಕ್ಕಳೇ ಅವರಿಗೆ ಕನ್ನಡ ಅಂಕೆ ಹೇಳಿಕೊಟ್ಟದ್ದೂ ಉಂಟು. 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ನಾವು ಬೀದಿಗೆ ಇಳಿದದ್ದು ನೀನು ಪೇಪರಿನಲ್ಲಿ ಓದಿರಬಹುದು. ಮಲಯಾಳದ ಮೇಲೆ ನನಗೆ ಯಾವ ಕೋಪವೂ ಇಲ್ಲ. ಅದು ನನ್ನ ಮಕ್ಕಳಿಗೆ ಆಟದ ಬಯಲಲ್ಲೇ ಬರುತ್ತದೆ. ಕಡ್ಡಾಯ ಎಂಬ ಪದಕ್ಕೆ ಕೋಪ.

ಆಮೇಲೆ ನನಗೆ ಹೈಸ್ಕೂಲಿಗೆ ಬಡ್ತಿ ಆಯಿತು. ಒಂಬತ್ತನೇ ಕ್ಲಾಸಿನಲ್ಲಿ ಹಳಗನ್ನಡ. ನಿನಗೆ ನೆನಪಿರಬೇಕು, ಕಾಲೇಜಿನಲ್ಲಿ ನೀನು ಆ ಪದ್ಯಗಳಿಗೆ ಗೈಡು ತಂದು ಗಟ್ಟಿ ಹೊಡೆದದ್ದು. ನಾನು ಬೋರ್ಡಿನಲ್ಲಿ 'ಪುಲಿ' ಎಂದು ಬರೆದೆ, ಅರ್ಥ ಹೇಳಲು ತಿರುಗುವ ಮೊದಲೇ ಹಿಂದಿನಿಂದ ತುಳುವಿನ "ಪಿಲಿ" ಬಂತು. ಇನ್ನೊಬ್ಬ ಮಲಯಾಳದಲ್ಲಿ ಪುಲಿ ಎಂದರೆ ಚಿರತೆ, ಹುಲಿ ಅಲ್ಲ ಎಂದು ತಗಾದೆ ತೆಗೆದ. ಪೂ ಎಂದರೆ ಹೂ, ಪಾಲ್ ಎಂದರೆ ಹಾಲು, ಪಗಲ್ ಎಂದರೆ ಹಗಲು. ಒಂದಕ್ಕೂ ನಿಘಂಟು ಬೇಕಾಗಲಿಲ್ಲ. ನಿಮ್ಮ ಕನ್ನಡದಲ್ಲಿ ಪ ಕಳೆದುಹೋಗಿ ಹ ಆಯಿತಲ್ಲ, ಕಳೆದುಹೋದದ್ದು ಇವರ ಅಡುಗೆಮನೆಗಳಲ್ಲಿ ಹಾಗೆಯೇ ಇತ್ತು.

ಹಳಗನ್ನಡದ ೞ ಅಕ್ಷರದ ಕತೆ ಇನ್ನೂ ಮಜಾ. ಕನ್ನಡ ಇದನ್ನು ಬಿಟ್ಟು ಎಷ್ಟೋ ಶತಮಾನ ಆಯಿತು, ನಮ್ಮ ಮೇಷ್ಟ್ರು "ಇದರ ಉಚ್ಚಾರ ಈಗ ಯಾರಿಗೂ ಬರುವುದಿಲ್ಲ" ಎಂದು ಮುಂದೆ ಹೋಗುತ್ತಿದ್ದರು. ನಾನೂ ಹಾಗೆಯೇ ಹೇಳಿದೆ. ಎದುರಿನ ಬೆಂಚಿನ ಹುಡುಗಿ ಮೞೆ, ಕೋೞಿ ಎಂದು ಓದಿಯೇ ಬಿಟ್ಟಳು, ನಾಲಿಗೆ ಸರಿಯಾಗಿ ಮಡಚಿ. ಮನೆಯಲ್ಲಿ ಮಲಯಾಳ ಮಾತಾಡುವವಳು. ಕೋೞಿಕ್ಕೋಡು ಎನ್ನಲು ಬರುವ ಬಾಯಿಗೆ ಅದೇನು ಕಷ್ಟ?

ಅದೇ ಪದ್ಯದಲ್ಲಿ 'ಎನಗೆ' ಬಂತು. ಒಬ್ಬ ಹವ್ಯಕರ ಹುಡುಗ ಕೈ ಎತ್ತಿದ. ಅವನಿಗೆ ಎರಡನೇ ಕ್ಲಾಸಿನಲ್ಲೂ ನಾನೇ ಟೀಚರು. "ಟೀಚರೇ, ನಾನು 'ಎನಗೆ ಗೊಂತಿಲ್ಲೆ' ಅಂತ ಬರೆದದ್ದಕ್ಕೆ ನೀವು ಕೆಂಪು ಗೀಟು ಹಾಕಿದ್ದಲ್ವಾ? ಇವರಿಗೆ ಯಾಕೆ ಹಾಕ್ಲಿಲ್ಲ?" ಕವಿಗೆ ಕೆಂಪು ಗೀಟು ಹಾಕಲು ನನಗೆ ಧೈರ್ಯ ಇಲ್ಲ ಎಂದೆ. ಕ್ಲಾಸು ನಕ್ಕಿತು, ಅವನು ನಗಲಿಲ್ಲ. ಆ ಗೀಟು ಏಳು ವರ್ಷ ಅವನೊಳಗೇ ಇತ್ತು. ಅಂದಿನಿಂದ ಸಣ್ಣ ಕ್ಲಾಸಿನವರಿಗೆ ನಾನು ಹೇಳಿಕೊಡುವ ಮಾತೇ ಬದಲಾಗಿದೆ: "ಇದು ಮನೆಯದ್ದು, ಇದು ಪುಸ್ತಕದ್ದು, ಎರಡನ್ನೂ ಬರೆದಿಡು."

ಇಷ್ಟೆಲ್ಲ ಆಗಿ ನೀನು ಯಾರಿಗೋಸ್ಕರ ಅಂತ ಕೇಳುತ್ತಿ. ನಿನ್ನ ಮಗ ಬೆಂಗಳೂರಿನಲ್ಲಿ ಕನ್ನಡ ಪರೀಕ್ಷೆಯ ಹಿಂದಿನ ರಾತ್ರಿ ನನಗೆ ವಾಟ್ಸಾಪ್‌ನಲ್ಲಿ ಪದ್ಯದ ಫೋಟೋ ಕಳಿಸುತ್ತಾನೆ, ಗೊತ್ತಾ ನಿನಗೆ?

ಹೋದ ವಾರ ಹೆದ್ದಾರಿಯಲ್ಲಿ ಬಸ್ಸಿಗೆ ನಿಂತಿದ್ದೆ. ಪಕ್ಕದಲ್ಲಿ ಒಂದನೇ ಕ್ಲಾಸಿನ ಒಂದು ಚಿಳ್ಳೆ, ಅಜ್ಜಿಯ ಸೆರಗು ಹಿಡಿದುಕೊಂಡು. ನಮ್ಮಲ್ಲಿ ರಸ್ತೆ ಬದಿಯಲ್ಲಿ ಕನ್ನಡ ಅಕ್ಷರ ಸಿಗುವುದೇ ಕಡಿಮೆ, ಕರ್ನಾಟಕದ ಬಸ್ಸು ಬಂದರೆ ಮಕ್ಕಳಿಗೆ ಅದೇ ಓದಿನ ಪುಸ್ತಕ. ಬಸ್ಸು ನಿಂತಿತು. ಅವಳು ಬೆರಳೆತ್ತಿ ಒಂದೊಂದೇ ಅಕ್ಷರ ಬಿಡಿಸಿದಳು: ಮಂ, ಗ, ಳೂ, ರು. ಒಂದೂ ತಪ್ಪಿಲ್ಲ. ನಾನು "ಶಾಭಾಸ್" ಅನ್ನುವಷ್ಟರಲ್ಲಿ ಅವಳು ಅಜ್ಜಿಯ ಕೈ ಹಿಂದಕ್ಕೆ ಎಳೆದಳು. ಈ ಬಸ್ಸು ಬೇಡ, ನಮಗೆ ಹೋಗಬೇಕಾದ್ದು ಕುಡ್ಲಕ್ಕೆ ಅಂತ.